ಚೆಂಡಾಟದ ಪುರಾಣಿಕರು

ಕ್ರೈಸ್ಟ್‌ಚರ್ಚಿನ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದು ಹಲಗೆ ಬೇಲಿ ಇದೆ. ಭೂಕಂಪದಲ್ಲಿ ವಾಲಿದ್ದು ಹಾಗೆಯೇ ವಾಲಿಕೊಂಡು ನಿಂತಿದೆ. ಆಚೆಯ ನಿಂಬೆಗಿಡ ಅದರ ಮೇಲೆ ಮೈಚಾಚಿ ಚಳಿಗಾಲದಲ್ಲಿ ನಮ್ಮ ಹುಲ್ಲಿನ ಮೇಲೆ ಹಣ್ಣು ಉದುರಿಸುತ್ತದೆ. ಆಯ್ದುಕೊಳ್ಳಲು ಬಗ್ಗಿದಾಗಲೆಲ್ಲ ಆಚೆಯಿಂದ ಒಂದು ಕೆಮ್ಮು, ಆಮೇಲೆ "ಅಮ್ಮ ಹೇಗಿದ್ದಾರೆ?" ಎಂಬ ಇಂಗ್ಲಿಷ್ ಪ್ರಶ್ನೆ ಕೇಳಿಸುತ್ತದೇನೋ ಎಂದು ಈಗಲೂ ನನ್ನ ಕಿವಿ ಕಾಯುತ್ತದೆ. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಒಳ್ಳೆಯ ಜನವೇ. ಆದರೂ ಅವರ ಮೇಲೆ ನನಗೆ ಸುಮ್ಮಸುಮ್ಮನೆ ಒಂದು ಸಿಟ್ಟಿದೆ.

ಮೊದಲು ಅಲ್ಲಿದ್ದವರು ಒಬ್ಬ ಅಮೆರಿಕನ್ ಕಾದಂಬರಿಕಾರರು. ಬರೆದದ್ದೆಲ್ಲ ಬೇಸ್‌ಬಾಲ್ ಕುರಿತು. ರಗ್ಬಿ, ಕ್ರಿಕೆಟ್ ಬಿಟ್ಟರೆ ಬೇರೆ ಆಟದ ಹೆಸರೆತ್ತದ ಈ ನ್ಯೂಜಿಲೆಂಡಿನಲ್ಲಿ ಬೇಸ್‌ಬಾಲ್ ಕಾದಂಬರಿಕಾರರಾಗಿ ಬಾಳುವುದೆಂದರೆ ನಮ್ಮ ಗದಗಿನಲ್ಲಿ ಹಿಮದ ಮೇಲೆ ಜಾರುವ ಆಟ ಕಲಿಸಲು ಅಂಗಡಿ ತೆರೆದ ಹಾಗೆ. ಅದನ್ನು ಅವರಿಗೇ ಹೇಳಿದ್ದೆ. ಬಹಳ ಹೊತ್ತು ನಕ್ಕು, ಗದಗಿನಲ್ಲಿ ಬಾಡಿಗೆ ಎಷ್ಟಾಗುತ್ತದೆ ಎಂದು ಕೇಳಿದ್ದರು.

ಅವರ ಕಥೆಯನ್ನು ನಾನು ಬೇಲಿಯ ಮೇಲಿಂದಲೇ ಕಂತುಕಂತಾಗಿ ಕೇಳಿದೆ. ಹುಟ್ಟಿದ್ದು ಟಯರ್ ಕಾರ್ಖಾನೆಯ ಹೊಗೆ ಮುಸುಕಿದ ಒಂದು ಊರಿನಲ್ಲಿ. ಅಪ್ಪ ಆ ಕಾರ್ಖಾನೆಯ ಕೆಲಸಗಾರ, ಭಾನುವಾರ ಕಾರ್ಖಾನೆಯ ತಂಡದ ಪಿಚರ್. ಪಿಚರ್ ಎಂದರೆ ಚೆಂಡು ಎಸೆಯುವವನು, ನಮ್ಮ ಬೌಲರ್ ಇದ್ದಂತೆ. ಮಗನೂ ಪಿಚರ್ ಆಗಲು ಹೊರಟು, ಸಣ್ಣ ಊರುಗಳ ತಂಡಗಳಲ್ಲಿ ಎರಡು ಬೇಸಿಗೆ ಆಡಿ, ಭುಜ ಕೆಡಿಸಿಕೊಂಡು, ಪತ್ರಿಕೆಯೊಂದರ ಕ್ರೀಡಾ ವರದಿಗಾರನಾದ. ಮೊದಲ ಕಾದಂಬರಿಯನ್ನು ಯಾರೂ ಮೂಸಿ ನೋಡಲಿಲ್ಲ. ಎರಡನೆಯದು ಹೆಸರು ತಂದಿತು. ಸಿನಿಮಾದವರು ಬಂದು ಊಟ ಹಾಕಿಸಿ ಹೋದರು, ಮತ್ತೆ ಬರಲಿಲ್ಲ. ಆಮೇಲೆ ನ್ಯೂಜಿಲೆಂಡಿನ ಒಬ್ಬ ನರ್ಸ್ ಸಿಕ್ಕಿದರು, ಮದುವೆಯಾಯಿತು, ಅವರ ಹಿಂದೆ ಇಲ್ಲಿಗೆ ಬಂದರು. ಉಳಿದ ಪುಸ್ತಕಗಳನ್ನೆಲ್ಲ ಬೇಲಿಯಾಚೆಯ ಗ್ಯಾರೇಜಿನಲ್ಲಿ ಕೂತು ಬರೆದರು. ಒಂದೊಂದು ಪುಸ್ತಕಕ್ಕೂ ಅಮೆರಿಕದ ಓದುಗರು ಕಡಿಮೆಯಾಗುತ್ತ ಬಂದರಂತೆ. ಇದನ್ನು ಹೇಳುವಾಗ ಅವರ ದನಿಯಲ್ಲಿ ದೂರು ಇರಲಿಲ್ಲ.

ಅವರ ಬರವಣಿಗೆಗೆ ಒಂದು ರೂಢಿ ಇತ್ತು. ಪ್ರತಿ ಅಧ್ಯಾಯವನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳುವುದು. ಆಕೆಗೆ ಬೇಸ್‌ಬಾಲಿನ ಗಂಧಗಾಳಿ ಇಲ್ಲ. ಅದೇ ಬೇಕಾಗಿದ್ದದ್ದು. ಆಕೆ ಹೆಣಿಗೆ ಹೆಣೆಯುತ್ತ ಕೇಳುತ್ತಿದ್ದರು. ಕಡ್ಡಿಗಳ ಸದ್ದು ನಿಂತರೆ ಆ ಪುಟ ಚೆನ್ನಾಗಿದೆ ಎಂದು ಅರ್ಥ, ಆಕಳಿಸಿದರೆ ಆ ಪುಟಕ್ಕೆ ಕತ್ತರಿ. ಆಕೆ ತೀರಿಕೊಂಡ ಮೇಲೆ ಇವರ ಬರವಣಿಗೆಯೂ ನಿಂತುಹೋಗಿತ್ತು.

"ಒಂದು ಪುಸ್ತಕ ಬಾಕಿ ಇದೆ, ನನ್ನ ಅಪ್ಪನದು," ಎಂದರು ಒಂದು ದಿನ. "ಕಣ್ಣು ಮಂಜಾಗುತ್ತಿದೆ, ಹೃದಯದ ಡಾಕ್ಟರ್ ಮುಖ ಸಪ್ಪಗೆ ಮಾಡುತ್ತಾರೆ. ಕೇಳುವವರಿಲ್ಲದೆ ನನಗೆ ಬರೆಯಲು ಬರುವುದಿಲ್ಲ. ನೀವು ಕೇಳುತ್ತೀರಾ?"

ನಾನು ಸಾಫ್ಟ್‌ವೇರ್ ಟೆಸ್ಟರ್. ಪರರ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಅವರ ಮಾತು ಕೇಳಿದ ಕುತೂಹಲಕ್ಕೆ ಆಗಲೇ ಆಟದ ನಿಯಮಗಳನ್ನೆಲ್ಲ ಇಂಟರ್ನೆಟ್ಟಿನಲ್ಲಿ ಓದಿಕೊಂಡಿದ್ದೆ. ಅದು ತಿಳಿದ ಕೂಡಲೇ ಅವರು ತಲೆ ಅಲ್ಲಾಡಿಸಿ, "ಹಾಗಾದರೆ ನೀವು ಕೆಟ್ಟಿರಿ," ಎಂದರು. ನಾನು ತಮಾಷೆಗೆ, "ನಮ್ಮವ್ವ ಇದ್ದಾಳೆ. ಆಯುಷ್ಯವೆಲ್ಲ ಪುರಾಣ ಕೇಳಿದವಳು. ಆದರೆ ಅವಳಿಗೆ ಇಂಗ್ಲಿಷ್ ಬರುವುದಿಲ್ಲ," ಎಂದೆ. ಅವರು ತಮಾಷೆ ಎಂದುಕೊಳ್ಳಲಿಲ್ಲ. ಶನಿವಾರ ಮಧ್ಯಾಹ್ನ ನಿಂಬೆಹಣ್ಣಿನ ಬುಟ್ಟಿ ಒಂದು ಕೈಯಲ್ಲಿ, ಹಾಳೆ ತುಂಬಿದ ಬಟ್ಟೆಚೀಲ ಇನ್ನೊಂದು ಕೈಯಲ್ಲಿ ಹಿಡಿದು ನಮ್ಮ ಬಾಗಿಲಿಗೆ ಬಂದರು.

ಅಪ್ಪ ಹೋದ ಮೇಲೆ ಅವ್ವ ಗದಗಿನ ಮನೆ ಬಿಟ್ಟು ನನ್ನ ಹತ್ತಿರವೇ ಬಂದು ಇದ್ದಳು. ಇಲ್ಲಿ ಅವಳಿಗೆ ಒಗ್ಗದ್ದು ಚಳಿಯೊಂದೇ ಅಲ್ಲ, ಮಧ್ಯಾಹ್ನಗಳ ಮೌನವೂ ಒಗ್ಗಿರಲಿಲ್ಲ. ಊರಿನ ಮಠದಲ್ಲಿ ಊಟವಾದ ಮೇಲೆ ಪುರಾಣ ನಡೆಯುತ್ತಿತ್ತು, ಹೆಂಗಸರ ಸಾಲಿನಲ್ಲಿ ಮುಂದೆ ಕೂಡುವುದು ಅವಳ ಹಕ್ಕಾಗಿತ್ತು. ವಿಷಯ ತಿಳಿಸಿದಾಗ ಅವಳು ಸೆರಗು ಸರಿಮಾಡಿಕೊಂಡು, "ಪುರಾಣಿಕರು ಬಂದಾರಂದ್ರ ಖುರ್ಚಿ ಹಾಕಬೇಕಿಲ್ಲೋ? ಕಲ್ಲಿನಂಗ ಯಾಕ ನಿಂತಿ?" ಎಂದು ನನ್ನನ್ನೇ ಗದರಿಸಿದಳು. ಅಂದಿನಿಂದ ಅವರು ಪುರಾಣಿಕರು. ಅವರ ನಿಜವಾದ ಹೆಸರನ್ನು ಅವ್ವ ಕೊನೆಯವರೆಗೂ ಕೇಳಲಿಲ್ಲ.

ಅವರು ಒಂದು ಪರಿಚ್ಛೇದ ಓದುವುದು, ನಾನು ಕನ್ನಡದಲ್ಲಿ ಹೇಳುವುದು, ಅವ್ವ "ಹೂಂ" ಎನ್ನುವುದು. ಮೊದಲ ದಿನ ಪ್ರತಿ ಹೂಂಕಾರಕ್ಕೂ ಅವರು ಓದು ನಿಲ್ಲಿಸಿ, ಏನಾದರೂ ತಪ್ಪಾಯಿತೇ ಎಂದು ನನ್ನ ಮುಖ ನೋಡಿದರು. ಕೇಳುವವರು ಹೂಂಗುಟ್ಟದಿದ್ದರೆ ನಮ್ಮಲ್ಲಿ ಕಥೆ ಹೇಳುವವರು ಮುಂದಕ್ಕೆ ಹೋಗುವುದಿಲ್ಲ ಎಂದು ವಿವರಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹೆಣಿಗೆ ಕಡ್ಡಿ," ಎಂದಷ್ಟೇ ಹೇಳಿದರು.

ನನ್ನ ಅನುವಾದದ ಮೇಲೆ ಅವ್ವನಿಗೆ ಮೊದಲಿನಿಂದಲೂ ಗುಮಾನಿ. "ಅವರು ಅಷ್ಟುದ್ದ ಓದಿದ್ರು, ನೀ ಇಷ್ಟ ಹೇಳ್ತಿ. ನಡುವಿಂದು ಎಲ್ಲಿ ಹೋತು?" ಎನ್ನುವಳು. ನಡುವಿನದು ಚೆಂಡು ಹೇಗೆ ತಿರುಗಿತು ಎನ್ನುವ ವರ್ಣನೆ, ನನಗೇ ತಿಳಿಯದ್ದರಿಂದ ನುಂಗಿಹಾಕಿರುತ್ತಿದ್ದೆ. ಆಟವನ್ನು ಅವಳು ತನ್ನ ಪಾಲಿಗೆ ಚಿಣಿಫಣಿಯ, ಅಂದರೆ ಚಿನ್ನಿದಾಂಡಿನ, ಶ್ರೀಮಂತ ದಾಯಾದಿ ಎಂದು ಇಟ್ಟುಕೊಂಡು, ನಿಯಮದ ಗೊಡವೆಗೆ ಹೋಗಲಿಲ್ಲ. ಅವಳಿಗೆ ಬೇಕಾದದ್ದು ಬೇರೆ. ಭಾನುವಾರವೂ ಆಟಕ್ಕೆ ಹೋದರೆ ಆ ಮನುಷ್ಯನ ಹೆಂಡತಿ ಏನೂ ಅನ್ನುತ್ತಿರಲಿಲ್ಲವೇ? ಕಾರ್ಖಾನೆಯ ಕಪ್ಪು ಉಗುರಿನಿಂದ ಹೋಗುತ್ತಿತ್ತೇ? ಪುರಾಣಿಕರು ಇಂಥ ಪ್ರಶ್ನೆಗಳನ್ನು ಕೇಳಿ ಮನೆಗೆ ಹೋಗಿ, ಮುಂದಿನ ಶನಿವಾರದ ಹೊತ್ತಿಗೆ ಆ ಉಗುರಿನ ಮೇಲೆ ಒಂದು ಪುಟ ಬರೆದು ತರುತ್ತಿದ್ದರು. ಅವ್ವ ನಿಂಬೆಯ ಬುಟ್ಟಿಯನ್ನು ಎಂದೂ ಖಾಲಿ ಕಳಿಸಲಿಲ್ಲ. ಶೇಂಗಾ ಹೋಳಿಗೆಯೋ ಹಚ್ಚಿದ ಅವಲಕ್ಕಿಯೋ ಅದರಲ್ಲಿ ಕೂತು ಬೇಲಿಯಾಚೆ ಹೋಗುತ್ತಿತ್ತು. ಆ ಚಳಿಗಾಲ ನನ್ನ ಬದುಕಿನ ಅತಿ ಬೆಚ್ಚಗಿನ ಚಳಿಗಾಲ. ಅದು ಆಗಲೇ ಗೊತ್ತಿತ್ತು ಎನ್ನುವುದೇ ಸಮಾಧಾನ.

ಆ ಶನಿವಾರದ್ದು ಮುಕ್ತಾಯದ ಅಧ್ಯಾಯ ಎಂದು ಪುರಾಣಿಕರು ಹಿಂದಿನ ವಾರವೇ ಹೇಳಿದ್ದರು. ಪುರಾಣ ಮುಗಿಯುವ ದಿನ ಮಂಗಳವಾಗಬೇಕಲ್ಲ, ಅವ್ವ ನನ್ನನ್ನು ಇಂಡಿಯನ್ ಅಂಗಡಿಗೆ ಅಟ್ಟಿ ತೆಂಗಿನಕಾಯಿ ತರಿಸಿ ಇಟ್ಟಿದ್ದಳು.

ಅಧ್ಯಾಯ ಹೀಗಿತ್ತು. ಕಾರ್ಖಾನೆಗಳ ನಡುವಿನ ಪಂದ್ಯಾವಳಿಯ ಕೊನೆಯ ಆಟ, ಕೊನೆಯ ಇನ್ನಿಂಗ್. ಅಪ್ಪನ ತಂಡ ಒಂದೇ ರನ್ನಿನಿಂದ ಮುಂದಿದೆ. ಎದುರು ತಂಡದವನೊಬ್ಬ ಆಗಲೇ ಓಟದ ದಾರಿಯ ಒಂದು ಗುರುತು, ಅಂದರೆ ಬೇಸ್, ಮುಟ್ಟಿ ಕಾಯುತ್ತಿದ್ದಾನೆ. ಚೆಂಡು ಬೇಲಿ ದಾಟಿದರೆ ಅವನದೂ ಬ್ಯಾಟಿನವನದೂ ಸೇರಿ ಎರಡು ರನ್, ಅಪ್ಪನ ತಂಡ ಸೋತಂತೆ. ಬೆಳಗಿನಿಂದ ಎಸೆದೆಸೆದು ಅಪ್ಪನ ತೋಳು ಸೋತಿದೆ, ಬದಲಿಗೆ ಬೇರೆಯವರು ಬರಬೇಕೇ ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾನೆ. ಎಸೆಯುತ್ತಾನೆ. ಬ್ಯಾಟಿನ ಸದ್ದು. ಚೆಂಡು ಬೇಲಿ ದಾಟಿ ಹೋಗುತ್ತದೆ, ಜನರ ನಡುವೆ ಕೂತ ಮಗ ಅದು ಮರೆಯಾಗುವವರೆಗೆ ನೋಡುತ್ತಾನೆ. ಅಷ್ಟಕ್ಕೆ ಪೂರ್ಣವಿರಾಮ.

ಅವರು ಹಾಳೆಗಳನ್ನು ಜೋಡಿಸಿಟ್ಟರು. ನನ್ನ ಕಣ್ಣು ಒದ್ದೆಯಾಗಿತ್ತು. "ಮುಗೀತವ್ವ," ಎಂದೆ.

ಅವ್ವ ಏಳಲಿಲ್ಲ, ಹೂಂ ಎನ್ನಲೂ ಇಲ್ಲ. "ಮುಗದಿಲ್ಲ. ಚೀಲದಾಗ ಇನ್ನೂ ಹಾಳಿ ಇರಬೇಕು, ನೋಡ್ಲಿಕ್ಕೆ ಹೇಳು."

"ಇಲ್ಲವ್ವ, ಕಾದಂಬರಿ ಅಂದ್ರ ಹಿಂಗೂ ಮುಗೀತಾವ."

"ಹಂಗಂದ್ರ? ಸೋತಲ್ಲೆ ಪುಸ್ತಕ ಮುಚ್ಚತಾರೇನು? ನಮ್ಮ ಮಠದಾಗ ದುಃಖದ ಪ್ರಸಂಗ ಬಂತಂದ್ರ, ಎಷ್ಟ ಹೊತ್ತಾದ್ರೂ ಮುಂದ ಓದಿ, ಒಂದೀಟು ಛಲೋ ಮಾತು ಬಂದ ಮ್ಯಾಲೇನ ನಿಂದರಸತಿದ್ರು. ಕೇಳಿದವರು ದುಃಖ ಹೊತಗೊಂಡು ಮನಿಗೆ ಹೋಗಬಾರದು. ಇವರಿಗೆ ಗಂಟಲಾ ದಣಿದಿರಬೇಕು. ನೀರು ಕೊಡು."

ನಾನು ನೀರು ಕೊಟ್ಟೆ. ಏನೆಂದರು ಎಂದು ಅವರು ಕೇಳಿದಾಗ ಸುಳ್ಳು ಹೇಳಲು ಬಾಯಿ ಬರಲಿಲ್ಲ, ಇದ್ದದ್ದನ್ನು ಹೇಳಿದೆ. ಅವರ ಮುಖ ಕೆಂಪಾಯಿತು. ತಮ್ಮ ಪುಸ್ತಕಗಳೆಲ್ಲ ಸೋಲಿನಲ್ಲೇ ಮುಗಿಯುತ್ತವೆ, ವಿಮರ್ಶಕರು ಅದನ್ನೇ ಮೆಚ್ಚಿದ್ದು, ಈ ಆಟ ನಡೆದದ್ದು ನಿಜ, ತಾವೇ ಅಲ್ಲಿ ಕೂತು ನೋಡಿದ್ದು, ಸಕ್ಕರೆ ಬೆರೆಸಲು ಸಾಧ್ಯವಿಲ್ಲ ಎಂದು ಒಂದೇ ಉಸಿರಿಗೆ ಹೇಳಿದರು.

ಅವ್ವ ಅದನ್ನೂ ಕೇಳಿಸಿಕೊಂಡಳು. "ಸುಳ್ಳು ಬರೀರಿ ಅಂತ ನಾ ಎಲ್ಲೆ ಅಂದೆ? ಆಟಾ ಮುಗದ ಮ್ಯಾಲೆ ಆ ಮನಷ್ಯಾ ಮನಿಗೆ ಹೆಂಗ ಹೋದ? ಮಗನ್ನ ಯಾರು ಕರಕೊಂಡ ಹೋದ್ರು? ಅಷ್ಟ ಕೇಳು."

ಕೇಳಿದೆ. ಅವರು ಹಾಳೆಗಳನ್ನು ಚೀಲಕ್ಕೆ ತುರುಕಿಕೊಂಡು ಹೊರಟುಹೋದರು. ಬುಟ್ಟಿ ನಮ್ಮಲ್ಲೇ ಉಳಿಯಿತು.

ಮುಂದಿನ ಶನಿವಾರ ಬರಲಿಲ್ಲ, ಅದರ ಮುಂದಿನದೂ ಇಲ್ಲ. ನನಗೆ ಅವ್ವನ ಮೇಲೆ ಕೆಂಡದಂಥ ಸಿಟ್ಟು. ಜೀವ ಕೈಯಲ್ಲಿ ಹಿಡಿದುಕೊಂಡು ಕೊನೆಯ ಪುಸ್ತಕ ಮುಗಿಸಿದ ಮನುಷ್ಯನನ್ನು ನೋಯಿಸಿಬಿಟ್ಟೆಯಲ್ಲ ಎಂದು ರೇಗಿದೆ. ಅವಳು ಪ್ರತಿ ಶನಿವಾರ ಖುರ್ಚಿಯನ್ನು ಅದರ ಜಾಗಕ್ಕೆ ಸರಿಸಿ, "ಬರತಾರ ತಗೋ. ಪುರಾಣ ಅರ್ಧಕ್ಕ ಬಿಟ್ಟ ಪುರಾಣಿಕರಿಗೆ ಊಟಾ ಸೇರೂದಿಲ್ಲ," ಎನ್ನುವಳು. ತೆಂಗಿನಕಾಯಿಯನ್ನು ಅಡುಗೆಗೆ ಬಳಸಲು ಬಿಡಲಿಲ್ಲ. ಚಳಿಗಾಲ ಕಳೆದು ವಸಂತದಲ್ಲಿ ಇಲ್ಲಿ ಬೀಸುವ ವಾಯವ್ಯದ ಬಿಸಿಗಾಳಿ ಶುರುವಾಗಿ ನಿಂಬೆ ಮುಗಿಯುತ್ತ ಬಂದರೂ ಅದು ಕಪಾಟಿನ ಮೇಲೆ ಕೂತೇ ಇತ್ತು.

ಆಮೇಲೆ ಒಂದು ಶನಿವಾರ ಬಂದರು. ತೆಳ್ಳಗಾಗಿದ್ದರು, ಬೇಲಿಯಿಂದ ಬಾಗಿಲಿಗೆ ಬರುವಷ್ಟರಲ್ಲಿ ಏದುಸಿರು. ಓದಲು ಕಣ್ಣು ಸಾಲದೆ ಹಾಳೆಗಳನ್ನು ನನ್ನ ಕೈಗಿತ್ತರು.

ಚೆಂಡು ಬೇಲಿ ದಾಟಿದ ಮೇಲೆ ಮಗ ಮೊದಲ ಬಾರಿಗೆ ತಿರುಗಿ ಅಪ್ಪನನ್ನು ನೋಡುತ್ತಾನೆ. ಅಪ್ಪ ಬಂದು ಅವನ ಕೈ ಹಿಡಿದು ಕಾರಿಗೆ ಕರೆದೊಯ್ಯುತ್ತಾನೆ. ಕಾರನ್ನು ಹೊರಡಿಸುವುದಿಲ್ಲ. ಉಳಿದ ಕಾರುಗಳೆಲ್ಲ ಹೋಗಲಿ ಎಂದು ಇಬ್ಬರೂ ಕೂತಿರುತ್ತಾರೆ. ಅಪ್ಪ ಊಟದ ಡಬ್ಬಿ ತೆಗೆಯುತ್ತಾನೆ. ಅದರಲ್ಲಿ ಒಂದೇ ಸ್ಯಾಂಡ್‌ವಿಚ್ ಉಳಿದಿದೆ. ಬಲಗೈ ಮೇಲೇಳದು. ಎಡಗೈಯಿಂದಲೇ ಮುರಿದು, ದೊಡ್ಡ ತುಂಡನ್ನು ಮಗನಿಗೆ ಕೊಟ್ಟು, "ಬಿಸಿಲಲ್ಲಿ ಬಹಳ ಹೊತ್ತು ಕೂತೆ, ಹಸಿದಿರಬೇಕು," ಎನ್ನುತ್ತಾನೆ. ಇಬ್ಬರೂ ತಿನ್ನುತ್ತಾರೆ.

ನಾನು ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಹೇಳಿದೆ. ಒಂದು ಅಕ್ಷರವನ್ನೂ ನುಂಗಲಿಲ್ಲ.

"ಹೂಂ," ಎಂದಳು ಅವ್ವ. ಎದ್ದು ಹೋಗಿ ತೆಂಗಿನಕಾಯಿ ಒಡೆದಳು. ಒಳಗೆ ನೀರೆಲ್ಲ ಇಂಗಿ ಕಾಯಿ ಕೊಬ್ಬರಿಯಾಗಿತ್ತು. ಅದನ್ನೇ ಬೆಲ್ಲದ ಜೊತೆ ತಂದು ಅವರ ಕೈಗಿಟ್ಟಳು.

"ಇದು ಕಟ್ಟಿದ್ದಲ್ಲ," ಎಂದರು ಅವರು ನನ್ನತ್ತ ತಿರುಗಿ. "ನಡೆದದ್ದು. ಆ ದಿನ ನೆನೆದಾಗಲೆಲ್ಲ ನಾನು ಚೆಂಡಿನ ಹಿಂದೆಯೇ ಹೋಗುತ್ತಿದ್ದೆ. ಇಷ್ಟು ಪುಸ್ತಕ ಬರೆದರೂ ಒಂದು ಸಲವೂ ಅಪ್ಪನ ಕಡೆ ತಿರುಗಿ ನೋಡಿರಲಿಲ್ಲ." ಕೊಬ್ಬರಿ ಅಗಿಯುತ್ತ ಅವರು ಅತ್ತರು. ನಾನೂ ಅತ್ತೆ.

ಅಮೆರಿಕದ ಪ್ರಕಾಶಕರು ಪುಸ್ತಕ ಒಪ್ಪಿದರು, ಆದರೆ ಚೆಂಡು ಬೇಲಿ ದಾಟಿದಲ್ಲಿಗೇ ನಿಲ್ಲಿಸಿದರೆ ಪರಿಣಾಮ ಹೆಚ್ಚು ಎಂದು ಬರೆದರು. ಪುರಾಣಿಕರು ನನ್ನ ಕೈಯಲ್ಲೇ ಉತ್ತರ ಟೈಪ್ ಮಾಡಿಸಿದರು. ಹಾಗೆ ಮಾಡಿದರೆ ನನ್ನ ಕೇಳುಗರು ಏಳುವುದಿಲ್ಲ, ಕ್ಷಮಿಸಿ, ಎಂಬಷ್ಟೇ ಮಾತು. ಅದಾದ ಮೇಲೆ ಆ ಕಡೆಯಿಂದ ಏನೂ ಬರಲಿಲ್ಲ. ನಿಂಬೆಗಿಡ ಮತ್ತೆ ಹೂ ಬಿಡುವ ಹೊತ್ತಿಗೆ ಅವರೂ ಇರಲಿಲ್ಲ. ಪುಸ್ತಕ ಇನ್ನೂ ಅಚ್ಚಾಗಿಲ್ಲ.

ನಮ್ಮಲ್ಲಿ ತಿಂಗಳಿಗೊಮ್ಮೆ ಕನ್ನಡದ ಮನೆಗಳವರು ಸೇರಿ ಭಜನೆ ಮಾಡುತ್ತೇವೆ. ಕಳೆದ ಸಲ ನಮ್ಮ ಮನೆಯ ಸರದಿ. ಭಜನೆ ಮುಗಿದು ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದಾಗ ಹೊರಗೆ ಅವ್ವನ ದನಿ ಕೇಳಿಸಿತು. ಹೆಂಗಸರನ್ನು ಸುತ್ತ ಕೂಡಿಸಿಕೊಂಡು ಟಯರ್ ಕಾರ್ಖಾನೆಯ ಒಬ್ಬ ಮನುಷ್ಯನ ಕಥೆ ಹೇಳುತ್ತಿದ್ದಳು. ಪುರಾಣಿಕರು ಕೂಡುತ್ತಿದ್ದ ಖುರ್ಚಿಯಲ್ಲಿ ಕೂತಿದ್ದಳು. ಪಿಚರ್, ಇನ್ನಿಂಗ್ ಯಾವುದೂ ಅದರಲ್ಲಿ ಇರಲಿಲ್ಲ. ದಣಿದ ತೋಳು ಇತ್ತು, ಉಗುರಿನ ಕಪ್ಪು ಇತ್ತು, ಬಿಸಿಲಲ್ಲಿ ಕೂತ ಮಗ ಇದ್ದ. ಚೆಂಡು ಬೇಲಿ ದಾಟಿ ಹೋಯಿತು.

"ಅಯ್ಯ, ಸೋತುಬಿಟ್ನಾ ಆಂಟಿ?" ಎಂದಳು ಮೈಸೂರಿನ ಕಡೆಯ ಒಬ್ಬ ಹುಡುಗಿ, ಮನೆಗೆ ಹೊರಡಲು ಅರ್ಧ ಎದ್ದವಳು.

"ಸೋತ," ಎಂದಳು ಅವ್ವ. "ಕುಂದರವಾ, ಇನ್ನೂ ಮುಗದಿಲ್ಲ."