ನಲವತ್ತರಲ್ಲಿ ನಿಂತ ಮುಳ್ಳು

ನಮ್ಮ ಚಿಕ್ಕಪ್ಪನನ್ನು ರೇಡಿಯೋ ಕೇಂದ್ರದಲ್ಲಿ ಎಲ್ಲರೂ ನೂರಪ್ಪ ಎಂದೇ ಕರೆಯುತ್ತಿದ್ದರು. ಇಪ್ಪತ್ತೇಳು ವರ್ಷ ಟ್ರಾನ್ಸ್‌ಮಿಟರ್ ನೋಡಿಕೊಂಡವರು. ದನಿಯ ಏರು ಶೇಕಡಾ ನೂರನ್ನು ದಾಟಲು ಒಂದು ದಿನವೂ ಬಿಟ್ಟವರಲ್ಲ. "ದನಿ ಏರಿ ನೂರು ಮುಟ್ಟಿದ ಕ್ಷಣಕ್ಕೆ ಟ್ರಾನ್ಸ್‌ಮಿಟರ್ ಪವರ್ ನಾಲ್ಕು ಪಟ್ಟಾಗತ್ತೆ. ಅದೇ ಅಲೆ ಇಳಿದಾಗ ಸೊನ್ನೆ. ಸೊನ್ನೆಗಿಂತ ಕೆಳಗೆ ಏನಿದೆ ಹೇಳು? ಇನ್ನೂ ದೂಡಿದ್ರೆ ಮಾತೇ ತುಂಡಾಗತ್ತೆ" ಎಂದು ಊಟದ ತಟ್ಟೆಯ ಮುಂದೆ ಕೂತೂ ಕೊರೆಯುತ್ತಿದ್ದರು. ಕೇಳಿ ಕೇಳಿ ನಮಗೆ ತಲೆ ಚಿಟ್ಟು ಹಿಡಿದಿತ್ತು.

ಅದೇ ಕೇಂದ್ರದಲ್ಲಿ ಚಿಕ್ಕಮ್ಮ ಕೇಳುಗರ ಪತ್ರ ಓದುತ್ತಿದ್ದರು. ಬೆಳಿಗ್ಗೆ ಓದಿ ಟೇಪ್ ಮಾಡಿಟ್ಟು ಮನೆಗೆ ಬಂದರೆ, ಮಧ್ಯಾಹ್ನ ಪ್ರಸಾರ. ಮೆಲ್ಲಗಿನ ದನಿ, ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ.

ಅಲ್ಲಿಗೆ ಹೊಸ ಸಾಹೇಬನೊಬ್ಬ ಬಂದು ವಕ್ಕರಿಸಿದ. ಮಷೀನಿನ ಗಂಧಗಾಳಿಯೂ ಅವನಿಗಿರಲಿಲ್ಲ. ಕಡ್ಡಿಯಿಂದ ಹಲ್ಲು ಕೆದಕಿಕೊಳ್ಳುತ್ತ ದನಿಯ ಏರಿಳಿತ ತೋರಿಸುವ ಮೀಟರಿನ ಮುಂದೆ ನಿಂತವನು, ಅದೇ ಕಡ್ಡಿಯಿಂದ ಗಾಜನ್ನು ಕುಟ್ಟಿದನಂತೆ. ಕೇಳಿದಾಗಿನಿಂದ ನನಗೆ ಅವನೆಂದರೆ ಅಸಹ್ಯ.

"ಏನ್ರೀ, ನಿಮ್ಮ ಮನೆಯವ್ರು ಓದೋವಾಗ ಮುಳ್ಳು ನಲವತ್ತರಲ್ಲೇ ಬಿದ್ದಿರತ್ತಲ್ಲ! ಉಳಿದ ಅರವತ್ತನ್ನ ಮನೆಗೆ ಕಟ್ಕೊಂಡು ಹೋಗ್ತೀರಾ?"

"ಸರ್, ಅದು ಸರಾಸರಿ ತೋರಿಸೋ ಮುಳ್ಳು. ದನಿಯ ಏರು ಕಣ್ಣು ಮಿಟುಕಿಸೋದ್ರಲ್ಲಿ ನೂರು ಮುಟ್ಟಿ ಬಂದಿರತ್ತೆ. ಅದನ್ನ ಹಿಡಿಯೋ ಚುರುಕು ಮುಳ್ಳಿಗಿಲ್ಲ."

"ಕಥೆ ಹೇಳ್ಬೇಡಿ. ಸೋಮವಾರ ಎಂಬತ್ತು ದಾಟದಿದ್ರೆ ಬೇರೆ ದನಿ ಹುಡುಕ್ತೀನಿ."

ಸೋಮವಾರ ನೂರಪ್ಪ ಮೊದಲ ಸಲ ದನಿ ಏರಿಸುವ ನಾಬನ್ನು ಗುರುತು ದಾಟಿಸಿ ತಿರುಗಿಸಿದರು. ತಪ್ಪೆಂದು ಗೊತ್ತಿದ್ದೂ, ಹೆಂಡತಿಯ ಓದು ಉಳಿಯಲಿ ಎಂದು ತಿರುಗಿಸಿದರು.

ಮನೆಯಲ್ಲಿ ನಾನೂ ಚಿಕ್ಕಮ್ಮನೂ ರೇಡಿಯೋ ಹಾಕಿಕೊಂಡು ಕೂತಿದ್ದೆವು. ಹೊರಬಂದದ್ದು ಕೊಳಕು ಸದ್ದು. ಕಫ ಕಟ್ಟಿದ ಗಂಟಲಿನಲ್ಲಿ ಯಾರೋ ಕಿರುಚಿದಂತೆ, ಪ್ರತಿ ಮಾತಿನ ತುದಿಯೂ ಹರಿದಿತ್ತು. ಪಕ್ಕದ ಕೇಂದ್ರಕ್ಕೆ ತಿರುಗಿಸಿದರೆ ಅಲ್ಲಿನ ಸಂಗೀತದ ಮೇಲೂ ಅದೇ ಗರಗರ. ಅಂದು ಓದಿದ್ದು ಮಗಳನ್ನು ಕಳೆದುಕೊಂಡ ತಾಯಿಯೊಬ್ಬಳ ಪತ್ರ. ಅರ್ಧಕ್ಕರ್ಧ ಮಾತು ತಿಳಿಯಲಿಲ್ಲ. ಸಾಹೇಬನ ಮೇಲಿದ್ದ ಅಸಹ್ಯ ನನಗೆ ಚಿಕ್ಕಪ್ಪನ ಮೇಲೂ ಹುಟ್ಟಿತು.

ಸಂಜೆ ಅವರು ಬಂದು ಚಪ್ಪಲಿ ಬಿಡುತ್ತಲೇ, ಮುಖ ಎತ್ತದೆ ಹೇಳಿದರು: "ಸಾಹೇಬ್ರು ಖುಷಿಯಾದ್ರು ಕಣೇ. ಈಗ ದನಿಗೆ ದಮ್ಮು ಬಂತು ಅಂದ್ರು. ನಿನ್ನನ್ನ ತೆಗೆಯಲ್ವಂತೆ."

"ಯಾರನ್ನ ತೆಗೆಯಲ್ವಂತೆ? ಇವತ್ತು ಓದಿದೋಳನ್ನಾ?" ಚಿಕ್ಕಮ್ಮ ರೇಡಿಯೋದ ವೈರು ಕಿತ್ತು ಸುತ್ತತೊಡಗಿದರು. "ಅವಳನ್ನೇ ಇಟ್ಕೊಳ್ಳಕ್ಕೆ ಹೇಳಿ. ನಾಳೆಯಿಂದ ನಾನು ಬರಲ್ಲ."

ಮಾರನೆಯ ದಿನ ಚಿಕ್ಕಪ್ಪ ನಾಬನ್ನು ಹಳೆಯ ಗುರುತಿಗೇ ತಂದಿಟ್ಟರು. ಬೆಳಿಗ್ಗೆ ಯಾರೂ ಓದಿರಲಿಲ್ಲ; ಮಧ್ಯಾಹ್ನ ಹಾಕಲು ಟೇಪೇ ಇರಲಿಲ್ಲ. ಮುಳ್ಳು ಸೊನ್ನೆಯಲ್ಲಿತ್ತು.