ಪಿಳ್ಳಮ್ಮ ಕುದಿಸಿದ ಮಜ್ಜಿಗೆ

ತೂಬಗೆರೆಯ ಪಿಳ್ಳಮ್ಮ ಯಾರಿಗೂ ಅಂಜಿದವಳಲ್ಲ. ಆದರೆ ಯುದ್ಧದ ಕಾಲದಲ್ಲಿ ಊರಿಗೆ ಬಂದ ವಾಂತಿಭೇದಿ ಅವಳನ್ನೂ ನಡುಗಿಸಿತು. ಕುಡಿಯುವುದನ್ನೆಲ್ಲ ಕುದಿಸಿ ಎಂದು ಸರ್ಕಾರದವರು ಹೇಳಿಹೋದದ್ದೇ ತಡ, ನೀರಿನ ಜೊತೆಗೆ ಅಂಬಲಿಗೆ ಬೆರೆಸುವ ಮಜ್ಜಿಗೆಯನ್ನೂ ಕುದಿಸತೊಡಗಿದಳು. ಅದೇ ಕಾಯಿಲೆ ತಗುಲಿ ಬದುಕಿ ಎದ್ದ ಗಂಡನ ಹೊಟ್ಟೆ ಮಾತ್ರ ಹದಕ್ಕೆ ಬರಲೇ ಇಲ್ಲ.

ಒಲೆಯ ಮೇಲೆ ಒಡೆದುಹೋದ ಮಜ್ಜಿಗೆಯನ್ನು ಅತ್ತೆ ಅಕ್ಕಯ್ಯಮ್ಮ ಕಂಡಳು.

"ಬೆಂದೋದ ಹೆಪ್ಪಲ್ಲಿ ಹಾಲು ಮೊಸರಾಯ್ತದಾ? ಹೊಟ್ಟೇನೂ ಹಂಗೇ ಕಣಮ್ಮ. ಭೇದಿ ಒಳಗಿದ್ದ ಒಳ್ಳೇದನ್ನೂ ತೊಳ್ಕೊಂಡು ಹೋಗೈತೆ. ಜೀವ ಇರೋ ಮಜ್ಜಿಗೆ ಒಳಗೋಗಿ ಬೀಡುಬಿಟ್ರೆ ಕೆಟ್ಟದ್ದಕ್ಕೆ ಜಾಗ ಸಿಕ್ಕಲ್ಲ."

ಅಂದಿನಿಂದ ಆರಿದ ಅಂಬಲಿಗೆ ಕುದಿಸದ ಮಜ್ಜಿಗೆ ಬಿತ್ತು. ಗಂಡ ನಿಧಾನವಾಗಿ ಚೇತರಿಸಿಕೊಂಡು ಹೊಲಕ್ಕೆ ಹೋದ.

ಮುದುಕಿಯಾದ ಮೇಲೂ ಪಿಳ್ಳಮ್ಮ ನೀರು ಕುದಿಸುವುದನ್ನು ಬಿಡಲಿಲ್ಲ. ಸೊಸೆ ಮಜ್ಜಿಗೆಯ ಗಡಿಗೆಯನ್ನು ಒಲೆಯ ಹತ್ತಿರ ಇಟ್ಟರೆ ಮಾತ್ರ ಗದರುತ್ತಿದ್ದಳು:

"ದೂರ ಇಡೇ, ಒಳಗೆ ನಮ್ಮೋರು ಅವ್ರೆ."