ಪಕ್ಕದವನ ಪ್ರಶ್ನೆಗಳು

ತಮಿಳುನಾಡಿನ ಗಡಿಯೊಳಗಿನ ಕನ್ನಡದ ಊರು ಗುಮ್ಮಳಾಪುರದ ಶಶಿಕಲಾ ತಮಿಳಿನಲ್ಲಿ ಮೂವತ್ತು ಹಾಡು ಹೇಳಬಲ್ಲಳು, ಆದರೆ ತಮಿಳಿನ ಒಂದು ಅಕ್ಷರವನ್ನೂ ಓದಲಾರಳು. ಅವಳ ಅತ್ತೆ ಬೈರಮ್ಮ ಶನಿವಾರದ ಭಜನೆಗೆಂದು ಬರೆದಿಟ್ಟುಹೋದ ನೋಟ್‌ಬುಕ್ಕಿನಲ್ಲಿ ಆ ಹಾಡುಗಳೆಲ್ಲ ಕನ್ನಡ ಅಕ್ಷರದಲ್ಲಿದ್ದವು. ಊರಿನ ಹೆಂಗಸರೆಲ್ಲ ಹಾಗೇ ಬರೆದುಕೊಳ್ಳುವುದು. ಬಾಯಿಗೆ ತಮಿಳು, ಕಣ್ಣಿಗೆ ಕನ್ನಡ. ಡ್ರೈವಿಂಗ್ ಪರೀಕ್ಷೆಯ ಪ್ರಶ್ನೆಗಳನ್ನೂ ಹೀಗೇ ಬರೆದುಕೊಂಡು ಕಲಿತುಬಿಡಬಹುದು ಎಂದು ಅವಳಿಗೆ ಅನ್ನಿಸಿದ್ದು ಸಹಜವೇ.

ಲೈಸೆನ್ಸು ಅವಳಿಗೆ ಬೇಕೇ ಬೇಕಾಗಿತ್ತು. ಗಂಡ ಕೆಂಪರಾಜು ಹದಿನಾಲ್ಕು ವರ್ಷ ಕುಟ್ಟಿಯಾನೆ ಓಡಿಸಿದವನು. ಪುಟ್ಟ ಲಗೇಜು ಗಾಡಿಯನ್ನು ಆ ಕಡೆ ಎಲ್ಲರೂ ಕರೆಯುವುದು ಹಾಗೆ. ಊರಿನ ಕೋಸು, ಕೊತ್ತಂಬರಿ ಸೊಪ್ಪು, ಗುಲಾಬಿ ಎಲ್ಲ ಅದರಲ್ಲೇ ಹೊಸೂರಿನ ಮಾರ್ಕೆಟ್ಟು ಸೇರುತ್ತಿದ್ದವು. ಹೋದ ವರ್ಷ ಸಕ್ಕರೆ ಕಾಯಿಲೆ ಅವನ ಕಣ್ಣಿಗೆ ಇಳಿಯಿತು. ಇನ್ನು ಸ್ಟೇರಿಂಗ್ ಮುಟ್ಟಬೇಡಿ ಎಂದರು ಡಾಕ್ಟರು.

ರಾಗಿ ಕೊಯ್ದ ಹೊಲದಲ್ಲಿ ಅವನೇ ಅವಳಿಗೆ ಗಾಡಿ ಕಲಿಸಿದ. ಪಕ್ಕದಲ್ಲಿ ಕೂತು ಎಂಜಿನ್ನಿನ ಸದ್ದು ಕೇಳುತ್ತ, ಕೂಗ್ತಾ ಐತೆ ಗೇರು ಬದಲಾಯಿಸು, ಉಸಿರು ಕಟ್ತಾ ಐತೆ ಇಳಿಸು ಎನ್ನುತ್ತಿದ್ದ. ಎರಡು ತಿಂಗಳಲ್ಲಿ ಅವಳು ಮನೆಯ ಸಂದಿಯಿಂದ ಗಾಡಿಯನ್ನು ಹಿಂದಕ್ಕೆ ತೆಗೆಯುವಷ್ಟು ಪಳಗಿದಳು. ಆ ಸಂದಿಯಲ್ಲಿ ಗಾಡಿಯ ಎರಡೂ ಮಗ್ಗುಲಿಗೆ ಒಂದೊಂದು ಗೇಣು ಜಾಗ, ಅಷ್ಟೇ. ಆದರೆ ಕಾಗದವಿಲ್ಲದೆ ರಸ್ತೆಗೆ ಇಳಿಯುವಂತಿಲ್ಲ. ಇತ್ತ ಉದ್ದನಪಲ್ಲಿಯ ಕೊಂಡಪ್ಪ ಗಾಡಿ ಕೊಳ್ಳುತ್ತೇನೆಂದು ಬಂದ. ಶಶಿಕಲಾ ಕಂಪ್ಯೂಟರ್ ಪರೀಕ್ಷೆ ಪಾಸಾಗಿ ಎಲ್‌ಎಲ್‌ಆರ್, ಅಂದರೆ ಕಲಿಯುವವರಿಗೆ ಮೊದಲು ಕೊಡುವ ಲೈಸೆನ್ಸು, ತಂದರೆ ಗಾಡಿ ಮನೆಯಲ್ಲೇ ಉಳಿಯುವುದು, ಇಲ್ಲದಿದ್ದರೆ ಕೊಂಡಪ್ಪನಿಗೆ ಎಂದು ಮಾತಾಯಿತು.

ಅವಳ ವಾರಗಿತ್ತಿ ಕಲ್ಪನಾ ರಾಯಕೋಟೆ ಕಡೆಯವಳು, ಹತ್ತನೇ ಕ್ಲಾಸಿನವರೆಗೆ ತಮಿಳಿನಲ್ಲಿ ಓದಿದವಳು. ಸಂಜೆ ದೀಪ ಹಚ್ಚಿದ ಮೇಲೆ ಡ್ರೈವಿಂಗ್ ಸ್ಕೂಲಿನವರು ಕೊಟ್ಟ ಪುಸ್ತಕವನ್ನು ಅವಳು ಗಟ್ಟಿಯಾಗಿ ಓದಿ ಅರ್ಥ ಹೇಳುವುದು, ಶಶಿಕಲಾ ಬರೆದುಕೊಳ್ಳುವುದು. ಓದುತ್ತ ಓದುತ್ತ ಕಲ್ಪನಾಳಿಗೆ ನಗು ಬರುತ್ತಿತ್ತು.

"ಅಕ್ಕಾ, ಈ ತಮಿಳು ನಮ್ಮಪ್ಪನ ಮನೇಲೂ ಯಾರೂ ಆಡಲ್ಲ. ಇಂಗ್ಲೀಷಿಂದ ಇದನ್ನ ತಮಿಳಿಗೆ ಯಾರೋ ಎಳ್ಕೊಂಡ್ ಬಂದವ್ರೆ. ನಾನು ಇಲ್ಲಿಂದ ಕನ್ನಡಕ್ಕೆ ಎಳೀಬೇಕು. ನಿನ್ ಹತ್ರ ಬರೋ ಹೊತ್ಗೆ ಪ್ರಶ್ನೇಲಿ ಉಸಿರೇ ಇರಲ್ಲ."

"ಹಂಗಾದ್ರೆ ನೀನೇ ಹೋಗಿ ಬರಿ."

"ನಾನು ಬಸ್ಸಲ್ಲಿ ಕಿಟಕಿ ಪಕ್ಕ ಕೂತ್ರೂ ವಾಂತಿ ಮಾಡೋಳು. ನಾನು ಗಾಡಿ ಓಡ್ಸಿದ್ರೆ ಕೋಸು ಯಾರು ಕೊಂಡ್ಕೋತಾರೆ?"

ಇನ್ನೂರು ಪ್ರಶ್ನೆಗಳು ಶಶಿಕಲಾಳಿಗೆ ಬಾಯಿಪಾಠವಾದವು. ಇಕ್ಕಟ್ಟಾದ ಸೇತುವೆಯಲ್ಲಿ ಎದುರಿನಿಂದ ಗಾಡಿ ಬಂದರೆ ಏನು, ರಸ್ತೆಯಲ್ಲಿ ಯಾರಿಗಾದರೂ ಪೆಟ್ಟಾದರೆ ಏನು, ಯಾವುದನ್ನು ಕೇಳಿದರೂ ಒಲೆ ಮುಂದಿನಿಂದಲೇ ಉತ್ತರ ಬರುತ್ತಿತ್ತು.

ಮೊದಲ ಸಲ ಪರೀಕ್ಷೆಗೆ ಹೋದಾಗ ಅವಳಿಗೆ ಎದುರಾದದ್ದು ಮೌನ. ಕಂಪ್ಯೂಟರಿನಲ್ಲಿ ತಮಿಳು ಅಥವಾ ಇಂಗ್ಲಿಷು, ಎರಡೇ. ಪ್ರಶ್ನೆ ಬಂತು, ಸುಮ್ಮನೆ ನಿಂತಿತು, ಅರ್ಧ ನಿಮಿಷಕ್ಕೆ ಹೊರಟುಹೋಯಿತು. ಇನ್ನೊಂದು ಬಂತು. ಯಾರಾದರೂ ಒಂದು ಸಲ ಬಾಯಿಬಿಟ್ಟು ಓದಿದರೆ ಸಾಕು, ಎಲ್ಲಕ್ಕೂ ಉತ್ತರ ಹೇಳುತ್ತೇನೆ ಎಂದು ಅವಳು ಅಲ್ಲಿನ ಅಧಿಕಾರಿಯನ್ನು ಕೇಳಿಕೊಂಡಳು. ಆತ ಒರಟನೇನಲ್ಲ. ಓದಿ ಹೇಳಲು ತನಗೆ ಅಧಿಕಾರವಿಲ್ಲಮ್ಮ, ಒಂದು ವಾರ ಬಿಟ್ಟು ಬನ್ನಿ ಎಂದು ತಮಿಳಿನಲ್ಲಿ ಮೆತ್ತಗೆ ಹೇಳಿದ.

ಕೊಂಡಪ್ಪ ಆ ಒಂದು ವಾರ ಕಾಯಲು ಒಪ್ಪಿದ. ಅದಕ್ಕಿಂತ ಹೆಚ್ಚಾದರೆ ಬೇರಿಕೆಯಲ್ಲಿ ಇನ್ನೊಂದು ಗಾಡಿ ನೋಡಿದ್ದೇನೆ ಎಂದ. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಕಲ್ಪನಾ ತಮಿಳು ಅಕ್ಷರಗಳನ್ನು ದಪ್ಪಗೆ ಬರೆದುಕೊಟ್ಟಳು. ಮೂವತ್ತೆಂಟನೇ ವಯಸ್ಸಿನಲ್ಲಿ ಶಶಿಕಲಾ ಅವುಗಳ ಮೇಲೆ ಬೆರಳಾಡಿಸಿದಳು. ವಾರ ಕಳೆಯುವ ಹೊತ್ತಿಗೆ ಒಂದು ಸಾಲು ಓದಲು ಎರಡು ನಿಮಿಷ ಸಾಕಾಗುತ್ತಿತ್ತು. ಆದರೆ ಕಂಪ್ಯೂಟರ್ ಕೊಡುವುದು ಅರ್ಧ ನಿಮಿಷ.

ಎರಡನೇ ಸಲ ಹೋದ ದಿನ ಅಕ್ಷರ ಕೂಡಿಸುವಷ್ಟರಲ್ಲೇ ಮೂರು ಪ್ರಶ್ನೆಗಳು ಕೈಬಿಟ್ಟುಹೋದವು. ಹದಿನೈದರಲ್ಲಿ ಒಂಬತ್ತು ಸರಿಯಾಗಬೇಕು. ಅಷ್ಟರಲ್ಲಿ ಎಡಗಡೆಯಿಂದ ಒಂದು ದನಿ ಕೇಳಿಸಿತು. ಪಕ್ಕದ ಕಂಪ್ಯೂಟರಿನ ಮುಂದೆ, ಸಿಮೆಂಟು ಮೆತ್ತಿದ ಉಗುರುಗಳ ಒಬ್ಬ ಯುವಕ, ತುಟಿ ಅಲ್ಲಾಡಿಸದೆ ಓದಲು ಬಾರದವನು, ಪ್ರಶ್ನೆಯನ್ನು ಮೆಲ್ಲಗೆ ಓದಿಕೊಳ್ಳುತ್ತಿದ್ದ. ಕಲ್ಪನಾ ಓದುತ್ತಿದ್ದ ಹಾಗೇ, ಅದೇ ತಮಿಳು. ಒಂದು, ಎರಡು, ಮೂರು ಎಂದು ಉತ್ತರಗಳನ್ನೂ ಓದಿದ. ಶಶಿಕಲಾಳ ಬೆರಳು ತಾನಾಗಿ ಮೂರನ್ನು ಒತ್ತಿತು.

ಕದ್ದು ನೋಡುವುದು ತಪ್ಪು, ಗೊತ್ತು. ಕಿವಿಗೆ ಬಿದ್ದದ್ದನ್ನು ಕೇಳಿಸಿಕೊಳ್ಳುವುದೂ ತಪ್ಪೇ? ಅದನ್ನು ಅವಳು ದೇವರಿಗೆ ಬಿಟ್ಟಳು. ಅವಳು ಬರೆದಿದ್ದ ಪರೀಕ್ಷೆಯೆಂದರೆ ಊರಿನ ಶಾಲೆಯ ಏಳನೇ ಕ್ಲಾಸಿನದು. ಅಲ್ಲಿ ಕೂತವರಿಗೆಲ್ಲ ಒಂದೇ ಪ್ರಶ್ನೆ ಪತ್ರಿಕೆ.

ಐದಾರು ಪ್ರಶ್ನೆಗಳು ಹೀಗೇ ಸಾಗಿದವು. ಪೆಟ್ಟಾದವರ ಪ್ರಶ್ನೆ ಬಂದಾಗ ಯುವಕ ತಡವರಿಸಿದ, ಮತ್ತೆ ಮೊದಲಿಂದ ಓದಿದ. ಭಜನೆಯಲ್ಲಿ ಯಾರಾದರೂ ಸಾಲು ಮರೆತರೆ ಪಕ್ಕದವರು ಎತ್ತಿಕೊಡುವುದು ವಾಡಿಕೆ, ಹಾಡು ನಡುವೆ ನಿಲ್ಲಬಾರದು. "ಎರಡನೇದು" ಎಂದು ಶಶಿಕಲಾ ತಮಿಳಿನಲ್ಲಿ ಪಿಸುಗುಟ್ಟಿದಳು. ಅವನು ಒತ್ತಿದ. ಆಮೇಲೆ ಸ್ವಲ್ಪ ಅವಳ ಕಡೆಗೆ ವಾಲಿಕೊಂಡೇ ಓದತೊಡಗಿದ, ಅವಳು ಎತ್ತಿಕೊಡುತ್ತಾ ಹೋದಳು. ಒಂದು ಸಲ ಅವನು ಹಾರನ್ನಿನ ವಿಷಯ ಓದುತ್ತಿದ್ದಾಗ ಅವಳ ಕಂಪ್ಯೂಟರಿನಲ್ಲಿ ಸೇತುವೆಯ ಗುರುತಿನ ಚಿತ್ರ ಮೂಡಿತು. ಅದೇನೆಂದು ಯೋಚಿಸಲು ಸಮಯವಿರಲಿಲ್ಲ, ಹಾರನ್ನಿನ ಉತ್ತರವನ್ನೇ ಒತ್ತಿದಳು.

ಹೊರಗೆ ಹೊಂಗೆಯ ಮರದ ಕೆಳಗೆ ಅವನೇ ಹುಡುಕಿಕೊಂಡು ಬಂದ. ಹೆಸರು ಕುಮಾರೇಶ್, ಬೇರಿಕೆಯಲ್ಲಿ ಗಾರೆ ಕೆಲಸ. ಅವಳ ಮಾತಿನ ಧಾಟಿ ಹಿಡಿದು ಕನ್ನಡದಲ್ಲೇ ಮಾತಾಡಿದ.

"ಅಕ್ಕಾ, ನಿಮ್ ಹೊಟ್ಟೆ ತಣ್ಣಗಿರ್ಲಿ. ಮೂರ್ ಸಲ ಹೋಗಿತ್ತು ನಂದು. ಇವತ್ತು ಹದಿನೈದಕ್ಕೆ ಹದಿಮೂರು. ನೀವು ಹೇಳಿದ್ದು ಒಂದೂ ತಪ್ಪಿಲ್ಲ."

"ನಂದು ಐದು ಕಣಪ್ಪ."

"ಅದೆಂಗಕ್ಕ? ನಿಮ್ಗೆಲ್ಲಾ ಗೊತ್ತೈತಲ್ಲ."

"ನೀನು ಓದಿದ್ದುಕ್ಕೇ ಒತ್ತಿದ್ದು ನಾನು."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಕೈಯಲ್ಲಿದ್ದ ಕಾಗದವನ್ನು ಮಡಿಚಿ ಬೆನ್ನ ಹಿಂದಕ್ಕೆ ಇಟ್ಟುಕೊಂಡ. "ಕಂಪ್ಯೂಟರು ಒಬ್ಬೊಬ್ರಿಗೆ ಒಂದೊಂದು ಕೇಳ್ತದಕ್ಕಾ" ಎಂದ, ತಾನೇ ತಪ್ಪು ಮಾಡಿದವನ ಹಾಗೆ.

ಟೀ ತಂದುಕೊಟ್ಟ. ಬೇಡ ಎನ್ನಲು ಅವಳಿಗೆ ಮನಸ್ಸಾಗಲಿಲ್ಲ. ಇಬ್ಬರೂ ಮರದ ಕೆಳಗೇ ನಿಂತು ಕುಡಿದರು. ಹೊರಡುವಾಗ ಅವಳು ಹೆಲ್ಮೆಟ್ ಹಾಕಿಕೊಂಡೇ ಓಡಿಸಬೇಕೆಂದು ಅವನಿಗೆ ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಕೆಂಪರಾಜು ಜಗಲಿಯ ಮೇಲಿದ್ದ. ಅವಳು ಚಪ್ಪಲಿ ಬಿಡುವ ಸದ್ದಿನಲ್ಲೇ ಅವನಿಗೆ ತಿಳಿಯಿತು. ಆ ಸಂಜೆ ಕಲ್ಪನಾ ಕ್ಯಾಲೆಂಡರ್ ಹಾಳೆಯನ್ನು ಗೋಡೆಯಿಂದ ಬಿಡಿಸಲು ಹೋದಳು. ಇರಲಿ ಬಿಡು ಎಂದಳು ಶಶಿಕಲಾ.

ಸೋಮವಾರ ಬೆಳಿಗ್ಗೆ ಕೊಂಡಪ್ಪ ಬಂದ. ತಾನೇ ಹತ್ತಿ ಕೂತು ಗಾಡಿಯನ್ನು ಹಿಂದಕ್ಕೆ ತೆಗೆಯಲು ನೋಡಿದ. ಎರಡು ಮಾರು ಹೋಗುವಷ್ಟರಲ್ಲಿ ಕನ್ನಡಿ ಗೋಡೆಗೆ ಉಜ್ಜಿತು. ಜಗಲಿಯಿಂದ ಕೆಂಪರಾಜು ಕೈ ಎತ್ತಿದ.

"ನಿಲ್ಸಣ್ಣ. ಶಶಿ, ನೀನೇ ತೆಗೆದ್ಕೊಡು."

ಕೊಂಡಪ್ಪ ಪಕ್ಕದ ಸೀಟಿಗೆ ಸರಿದ. ಶಶಿಕಲಾ ಸೆರಗು ಸಿಕ್ಕಿಸಿ ಹತ್ತಿದಳು, ಒಂದು ಸಲ ಹಿಂದೆ ನೋಡಿ, ಗೋಡೆಗೆ ಎಲ್ಲೂ ತಾಗದ ಹಾಗೆ ಗಾಡಿಯನ್ನು ಸಂದಿಯಿಂದ ಹೊರಗೆ ತಂದಳು. ತಿರುಗಿಸಿ ರಸ್ತೆಯ ಕಡೆ ಬಿಟ್ಟಳು.

"ಇಷ್ಟು ಚೆನ್ನಾಗಿ ಓಡಿಸ್ತೀಯ, ಮಾರೋದ್ಯಾಕೆ ಅಮ್ಮಣ್ಣಿ?" ಎಂದ ಕೊಂಡಪ್ಪ. ಕುಹಕವಿರಲಿಲ್ಲ, ನಿಜಕ್ಕೂ ಕೇಳಿದ್ದ. ಅವಳು ಗೇರು ಬದಲಾಯಿಸಿದಳು.

ಮಣ್ಣಿನ ದಾರಿ ಟಾರು ರಸ್ತೆಗೆ ಸೇರುವಲ್ಲಿ ಒಂದು ಕುರಿಮಂದೆ ಅಡ್ಡ ಬಂತು. ಅವಳು ಗಾಡಿ ನಿಲ್ಲಿಸಿದಳು.

"ಹಾರನ್ ಹೊಡಿ, ಸರ್ಕೋತವೆ" ಎಂದ ಕೊಂಡಪ್ಪ.

"ಹೊಡೀಬಾರ್ದು. ನಿಲ್ಸಿ, ದಾಟೋಗಂಟ ಕಾಯ್ಬೇಕು. ಎಪ್ಪತ್ತಾರನೇ ಪ್ರಶ್ನೆ."

ಕೊಂಡಪ್ಪ ಅವಳ ಮುಖ ನೋಡಿದ. ಕೊನೆಯ ಕುರಿ ಕುಂಟುತ್ತ ದಾಟಿತು. ಇನ್ನು ಮುಂದೆ ಟಾರು, ಲೈಸೆನ್ಸಿಲ್ಲದವಳು ಅಲ್ಲಿಗೆ ಇಳಿಸುವಂತಿಲ್ಲ. ಅವಳು ಹ್ಯಾಂಡ್ ಬ್ರೇಕ್ ಎಳೆದು, ಗೇರು ನ್ಯೂಟ್ರಲ್ಲಿಗೆ ತಂದು, ಎಂಜಿನ್ ನಿಲ್ಲಿಸದೆ ಕೆಳಗಿಳಿದಳು. ಕೊಂಡಪ್ಪ ಅವಳ ಜಾಗಕ್ಕೆ ಸರಿದು ಗಾಡಿಯನ್ನು ಟಾರು ರಸ್ತೆಗೆ ಇಳಿಸಿಕೊಂಡು ಹೊರಟ.

ಮನೆಗೆ ಬಂದಾಗ ಕೆಂಪರಾಜು ಇನ್ನೂ ರಸ್ತೆಯ ಕಡೆ ಕಿವಿ ಕೊಟ್ಟು ಕೂತಿದ್ದ.

"ಮೂರನೇ ಗೇರು ಬೇಗ ಹಾಕ್ಬುಟ್ಟ" ಎಂದ.